ಗೆದ್ದಲು ತಿಂದ ನಾಲ್ಕನೇ ಚೌಕ

ಕಳೆದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಯಾವುದೋ ಮರ ಯಾವುದೋ ತಂತಿಯ ಮೇಲೆ ಬಿದ್ದಿತ್ತು. ಮಲೆನಾಡಿನಲ್ಲಿ ಅದನ್ನು ಯಾರೂ ಸುದ್ದಿ ಎಂದುಕೊಳ್ಳುವುದಿಲ್ಲ. ಎರಡನೇ ದಿನದ ಹೊತ್ತಿಗೆ ಮನೆಯ ಮೊಬೈಲ್‌ಗಳೆಲ್ಲ ಸತ್ತವು. ಶಾಲೆಗೆ ಮಳೆ ರಜೆ. ತಂಗಿಯ ಮಗಳು, ಎಂಟು ವರ್ಷದವಳು, ಜಗಲಿಗೂ ಒಳಮನೆಗೂ ಓಡಾಡಿ ಎಲ್ಲರ ತಲೆ ತಿಂದ ಮೇಲೆ ಅಮ್ಮ ನನ್ನನ್ನು ಅಟ್ಟ ಹತ್ತಿಸಿದರು. ಬಚ್ಚಲೊಲೆಯ ಹೊಗೆ ತಾಗುವ ಮೂಲೆಯಲ್ಲಿ ನನ್ನ ಬಾಲ್ಯದ ಕಾಮಿಕ್ಸ್ ಕಟ್ಟು ಇತ್ತು. ದಬ್ಬಣ, ಗೋಣಿದಾರ ಹಿಡಿದು ನಾನೇ ಹೊಲಿದದ್ದು. ಕನ್ನಡದ್ದು, ಇಂಗ್ಲಿಷಿನದ್ದು, ವಾರಪತ್ರಿಕೆಯಿಂದ ಹರಿದುಕೊಂಡದ್ದು, ಎಲ್ಲವೂ ಒಂದೇ ಹೊಲಿಗೆಯಲ್ಲಿ. ಹೊಗೆಯ ಪುಣ್ಯದಿಂದ ಬೂಸಲು ಹಿಡಿದಿರಲಿಲ್ಲ. ಗೆದ್ದಲು ಮಾತ್ರ ತನ್ನ ಪಾಲನ್ನು ತೆಗೆದುಕೊಂಡಿತ್ತು.

ಸ್ವಲ್ಪ ಹೊತ್ತಿಗೆ ಜಗಲಿಯಿಂದ ಕಿಲಕಿಲ ನಗು. ಹೋಗಿ ನೋಡಿದೆ. ಅವಳು ನಗುತ್ತಿದ್ದ ಪುಟದ ಮೇಲ್ತುದಿ ಇರಲಿಲ್ಲ. ಯಾವ ಪತ್ರಿಕೆ, ಯಾರ ಚಿತ್ರ ಎಂದು ಹೇಳುವಂತಿರಲಿಲ್ಲ. ಉಳಿದದ್ದು ಮೂರು ಚೌಕ. ಮೊದಲನೆಯದರಲ್ಲಿ ಡೊಳ್ಳು ಹೊಟ್ಟೆಯವನೊಬ್ಬ ಹೆಗಲ ಮೇಲೆ ಜೋಲಿ ಹಾಕಿಕೊಂಡು ಕಾಡಿನಲ್ಲಿ ನಡೆಯುತ್ತಿದ್ದಾನೆ. ಎರಡನೆಯದರಲ್ಲಿ ಜೋಲಿಯ ಒಂದು ತುದಿಯನ್ನು ಮರಕ್ಕೂ ಇನ್ನೊಂದನ್ನು ಪಕ್ಕದ ಪೊದೆಯಿಂದ ಮೇಲೆದ್ದ ಬೂದು ಬಣ್ಣದ ದಪ್ಪ ಕಾಂಡಕ್ಕೂ ಕಟ್ಟುತ್ತಿದ್ದಾನೆ. ಮೂರನೆಯದರಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಆ ಕಾಂಡದ ಮೇಲ್ಗಡೆ, ಎಲೆಗಳ ನಡುವೆ, ಒಂದು ಕಣ್ಣು ತೆರೆದುಕೊಂಡಿದೆ. ಅದು ಆನೆಯ ಕಾಲು. ನಾಲ್ಕನೇ ಚೌಕವನ್ನು ಗೆದ್ದಲು ಪೂರ್ತಿ ತಿಂದಿತ್ತು.

“ಕೊನೆಯ ಚಿತ್ರವೇ ಇಲ್ಲವಲ್ಲ ಪುಟ್ಟೀ, ಯಾಕೆ ನಗುತ್ತಿದ್ದೀಯ?”

“ಇಲ್ಲದಿದ್ದರೇನು ಮಾವ, ಆನೆಗೆ ಎಚ್ಚರವಾಯಿತಲ್ಲ!”

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಮದುವೆ ಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ರಸೀದಿ ಪುಸ್ತಕ ಅಚ್ಚು ಮಾಡುವುದು ಕಸುಬು. ಕಾಮಿಕ್ಸ್ ಓದುವುದು ಚಟ. ಮಕ್ಕಳ ನಗೆಕಾಮಿಕ್ಸ್ ಎಂದರೆ ಬಿದ್ದವನನ್ನು ನೋಡಿ ನಗುವುದು, ಅದರಲ್ಲಿ ಅರ್ಥ ಮಾಡಿಕೊಳ್ಳುವುದಕ್ಕೆ ಏನಿದೆ ಎಂದು ಕೇಳುವವರನ್ನು ಬಹಳ ನೋಡಿದ್ದೇನೆ. ಇಲ್ಲಿ ಯಾರೂ ಬಿದ್ದಿಲ್ಲ. ಬೀಳುವ ಚಿತ್ರ ಗೆದ್ದಲಿನ ಹೊಟ್ಟೆಯಲ್ಲಿದೆ. ಆದರೂ ಹುಡುಗಿ ನಕ್ಕಳು. ಹಾಗಾದರೆ ಆ ನಗು ಪುಟದ ಯಾವ ಭಾಗದಿಂದ ಬಂತು?

ಚೌಕಗಳ ನಡುವೆ ಒಂದು ಬಿಳಿ ಪಟ್ಟಿ ಇರುತ್ತದಲ್ಲ, ಅಲ್ಲಿಂದ. ಇಂಗ್ಲಿಷಿನಲ್ಲಿ ಅದಕ್ಕೆ ‘ಗಟರ್’ ಎನ್ನುತ್ತಾರೆ, ಎಂದರೆ ಚರಂಡಿ. ಹೆಸರು ಕೇಳಲು ಚೆನ್ನಾಗಿಲ್ಲ, ಆದರೆ ಅಡಿಕೆ ತೋಟ ಇರುವವರಿಗೆ ಅದರ ಬೆಲೆ ಗೊತ್ತು. ಮರಗಳ ಸಾಲಿನ ನಡುವಿನ ಬಸಿಗಾಲುವೆಯಲ್ಲಿ ಒಂದು ಅಡಿಕೆಯೂ ಬೆಳೆಯುವುದಿಲ್ಲ. ಅದನ್ನು ಮುಚ್ಚಿದರೆ ಮಾತ್ರ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಅಮೆರಿಕದ ವ್ಯಂಗ್ಯಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಾಮಿಕ್ಸ್ ರೂಪದಲ್ಲೇ ವಿವರಿಸಿ ಒಂದು ಪುಸ್ತಕ ಮಾಡಿದರು. ಅವರ ಮುಖ್ಯ ಮಾತುಗಳಲ್ಲಿ ಒಂದು ಇದು: ಎರಡು ಚಿತ್ರಗಳ ನಡುವೆ ನಡೆದದ್ದನ್ನು ಬರೆಯುವವನು ಬರೆದಿರುವುದಿಲ್ಲ, ಓದುವವನು ತನ್ನೊಳಗೆ ನಡೆಸಿಕೊಳ್ಳುತ್ತಾನೆ.

ನಮ್ಮ ಪುಟವನ್ನೇ ನೋಡಿ. ಎರಡನೆಯ ಚೌಕದಲ್ಲಿ ಆತ ಗಂಟು ಹಾಕುತ್ತಿದ್ದಾನೆ, ಮೂರನೆಯದರಲ್ಲಿ ಗೊರಕೆ. ನಡುವೆ ಅವನು ಜೋಲಿ ಹತ್ತಿದ್ದು, ಮಗ್ಗುಲು ಹೊರಳಿದ್ದು, ಆನೆ ಅಷ್ಟು ಹೊತ್ತು ಅಲುಗದೆ ನಿಂತದ್ದು ಯಾವುದೂ ಚಿತ್ರದಲ್ಲಿಲ್ಲ. ಅದನ್ನೆಲ್ಲ ಓದುವ ಮಗು ಕ್ಷಣಾರ್ಧದಲ್ಲಿ ತಾನೇ ಬಿಡಿಸಿಕೊಂಡಿದೆ. ಹೀಗೆ ಅರ್ಧ ಕೆಲಸ ತಾನೇ ಮಾಡಿದ ಕಥೆಗೆ ಕೊನೆಯ ಚೌಕ ಇಲ್ಲದಿದ್ದರೂ ನಡೆಯುತ್ತದೆ. ಎರಡು ಬಸಿಗಾಲುವೆ ದಾಟಿದವಳಿಗೆ ಮೂರನೆಯದು ಯಾವ ಕಷ್ಟ?

ಮೊಬೈಲ್‌ನಲ್ಲಿ ಓಡುವ ಕಾರ್ಟೂನಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಅಲ್ಲಿ ಆನೆ ಎಷ್ಟು ಸೆಕೆಂಡಿಗೆ ಕಣ್ಣು ಬಿಡಬೇಕು ಎಂದು ಬೇರೆ ಯಾರೋ ನಿರ್ಧರಿಸಿರುತ್ತಾರೆ. ಮಗು ಆ ವೇಗಕ್ಕೆ ಒಗ್ಗಿಕೊಳ್ಳಬೇಕು. ಪುಟದಲ್ಲಿ ಗಡಿಯಾರ ಓದುವವರ ಕೈಯಲ್ಲಿದೆ. ತಂಗಿಯ ಮಗಳು ಮೂರನೆಯ ಚೌಕ ನೋಡಿ, ಮತ್ತೆ ಎರಡನೆಯದಕ್ಕೆ ಹೋಗಿ, ಆ ಬೂದು ಕಾಂಡದ ಮೇಲೆ ಬೆರಳಿಟ್ಟು, “ಅಯ್ಯೋ, ಇಲ್ಲೇ ಉಗುರು ಕಾಣುತ್ತಿತ್ತು” ಎಂದು ಇನ್ನೊಮ್ಮೆ ನಕ್ಕಳು. ಬರೆದ ಪುಣ್ಯಾತ್ಮ ಪೊದೆಯ ಬುಡದಲ್ಲಿ ಮೂರು ಉಗುರು ಬರೆದು ಬಿಟ್ಟಿದ್ದ. ನಾನು ಮೂವತ್ತು ವರ್ಷದಲ್ಲಿ ಅದನ್ನು ನೋಡಿರಲಿಲ್ಲ.

ಆ ಉಗುರಿನಲ್ಲಿ ಇನ್ನೊಂದು ಗುಟ್ಟಿದೆ. ಜೋಲಿಯಲ್ಲಿ ಮಲಗಿದವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಎಂಟು ವರ್ಷದವರ ದಿನ ಹೇಗಿರುತ್ತದೆ ಎಂದು ಸ್ವಲ್ಪ ಯೋಚಿಸಿ: ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ಇವರೊಬ್ಬರಿಗೆ ಬಿಟ್ಟು. ಯಾಕೆ ಪೇಟೆಗೆ ಹೋಗುತ್ತಿದ್ದೇವೆ, ಯಾರ ಮನೆಯ ಮದುವೆ, ಅಜ್ಜ ಯಾಕೆ ಸಿಟ್ಟಾಗಿದ್ದಾರೆ, ಎಲ್ಲದಕ್ಕೂ “ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ, ಸುಮ್ಮನಿರು” ಎಂಬ ಉತ್ತರ. ಕಾಮಿಕ್ಸ್ ಪುಟದಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಮೀಸೆ ಹೊತ್ತ ದೊಡ್ಡವನೇ ಪೆದ್ದ, ಮಗುವೇ ಸರ್ವಜ್ಞ.

ಯಕ್ಷಗಾನ ನೋಡುತ್ತಾ ಬೆಳೆದವರಿಗೆ ಇದು ಹೊಸತಲ್ಲ. ಭಸ್ಮಾಸುರ ಮೋಹಿನಿ ಪ್ರಸಂಗದಲ್ಲಿ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆ ಎಂಬುದು ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಕಾಯುತ್ತಾರೆ. ಮೋಹಿನಿ ಕುಣಿಯುತ್ತಾಳೆ, ಅವನೂ ಕುಣಿಯುತ್ತಾನೆ, ಕೈ ಸೊಂಟಕ್ಕೆ ಬರುತ್ತದೆ, ಭುಜಕ್ಕೆ ಬರುತ್ತದೆ. ಸುಟ್ಟು ಬೂದಿಯಾಗುವ ಗಳಿಗೆಗಿಂತ ಕೈ ಭುಜದ ಹತ್ತಿರ ಬಂದ ಗಳಿಗೆಯಲ್ಲೇ ರೋಮಾಂಚನ ಹೆಚ್ಚು. ಆನೆಯ ಕಣ್ಣು ತೆರೆದ ಚೌಕ ಅಂಥದೇ ಗಳಿಗೆ.

ಇನ್ನು ಮುಖ. ಜೋಲಿಯವನ ಮುಖದಲ್ಲಿ ಇದ್ದದ್ದು ಎರಡು ಚುಕ್ಕಿ, ಒಂದು ಆಲೂಗಡ್ಡೆಯಂಥ ಮೂಗು, ಒಂದು ಮೀಸೆ. ಇಷ್ಟೇ ಸಾಕು ಎಂದು ಮೊದಲು ಲೆಕ್ಕ ಹಾಕಿ ಹೇಳಿದವರು ಶಾಲಾ ಮೇಷ್ಟ್ರೊಬ್ಬರು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹುಡುಗರ ವಸತಿ ಶಾಲೆ ನಡೆಸುತ್ತಿದ್ದ ರೊಡಾಲ್ಫ್ ಟೋಪ್‌ಫರ್ ತಮ್ಮ ವಿದ್ಯಾರ್ಥಿಗಳನ್ನು ನಗಿಸಲು ಚೌಕ ಚೌಕವಾಗಿ ಚಿತ್ರಕಥೆ ಗೀಚುತ್ತಿದ್ದರು. ಅವನ್ನು ನೋಡಿ ಮೆಚ್ಚಿದವರಲ್ಲಿ ಜರ್ಮನ್ ಮಹಾಕವಿ ಗಯಟೆ ಕೂಡ ಒಬ್ಬರು. 1833ರಲ್ಲಿ ಮೊದಲ ಪುಸ್ತಕ ಅಚ್ಚಾಯಿತು. ಈಗಿನ ಕಾಮಿಕ್ಸ್‌ನ ವಂಶವೃಕ್ಷವನ್ನು ಬಹಳ ಜನ ಅಲ್ಲಿಂದಲೇ ಎಣಿಸುತ್ತಾರೆ. 1845ರಲ್ಲಿ ಅವರು ಮುಖಗಳ ಬಗ್ಗೆಯೇ ಒಂದು ಪ್ರಬಂಧ ಬರೆದರು. ಎಷ್ಟು ಒಡ್ಡೊಡ್ಡಾಗಿ ಗೀಚಿದರೂ ಸರಿ, ಮುಖ ಎಂದು ಗೀಚಿದ ಕೂಡಲೇ ಅದಕ್ಕೊಂದು ಭಾವ ಬಂದೇ ಬರುತ್ತದೆ ಎಂಬುದು ಅದರ ತಿರುಳು. ಹುಬ್ಬಿನ ಗೆರೆಯನ್ನು ಕೂದಲೆಳೆಯಷ್ಟು ಓರೆ ಮಾಡಿದರೆ ಆಸಾಮಿ ಸಾಧುವಿನಿಂದ ಖದೀಮನಾಗುತ್ತಾನೆ.

ಗೆರೆ ಕಡಿಮೆಯಾದಷ್ಟೂ ನೋಡುವವರ ಪಾಲು ಹೆಚ್ಚು. ಸಾಗರದ ಕಡೆಯ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಮದುಮಕ್ಕಳಿಗೆ ಕಣ್ಣು ಮೂಗು ಬಿಡಿಸುವ ಗೋಜಿಗೇ ಹೋಗುವುದಿಲ್ಲ; ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಎಳೆದ ಅಕ್ಕಿ ಹಿಟ್ಟಿನ ನಾಲ್ಕು ಗೆರೆಯೇ ಮದುಮಗಳು. ಯಾರ ಮನೆಯ ಮದುವೆಯಾದರೂ ಅವಳು ಆ ಮನೆಯವಳೇ. ಬೆಲ್ಜಿಯಂನ ಎರ್ಜೆ 1929ರ ಜನವರಿ 10ರಂದು ಮೊದಲ ಬಾರಿಗೆ ಪತ್ರಿಕೆಯಲ್ಲಿ ಕಾಣಿಸಿದ ಟಿನ್‌ಟಿನ್‌ಗೆ ಕೊಟ್ಟದ್ದೂ ಅಂಥದೇ ಮುಖ. ಮುಂದೆ ಅವನ ಸುತ್ತಲಿನ ಕಾರು, ಹಡಗು, ಕಟ್ಟಡಗಳನ್ನು ಎಷ್ಟೇ ಕರಾರುವಾಕ್ಕಾಗಿ ಬರೆದರೂ ಅವನ ಕಣ್ಣು ಮಾತ್ರ ಎರಡು ಚುಕ್ಕಿಯಾಗಿಯೇ ಉಳಿಯಿತು. ನಮ್ಮ ಶಿಕಾರಿ ಶಂಭುವಿಗೆ ಅದೂ ಇಲ್ಲ. ಕಲಾವಿದ ವಸಂತ ಹಳಬೆ ಬರೆದ ಆ ಬೇಟೆಗಾರನ ಟೋಪಿ ಕಣ್ಣನ್ನು ಸದಾ ಮುಚ್ಚಿರುತ್ತದೆ. ಹುಲಿಯನ್ನು ಕಂಡು ಅವನ ಕಣ್ಣು ಎಷ್ಟು ದೊಡ್ಡದಾಗಿರಬಹುದು ಎಂಬುದು ಓದುವ ಮಗುವಿನ ಲೆಕ್ಕಕ್ಕೆ ಬಿಟ್ಟದ್ದು. ಮಗು ಜಿಪುಣತನ ಮಾಡುವುದಿಲ್ಲ.

ಹಾಗಾದರೆ ಬೀಳುವುದರಲ್ಲಿ ನಗು ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಷರತ್ತಿನ ಮೇಲೆ. ಜಾರುವ ಅಂಗಳದಲ್ಲಿ ಅಜ್ಜಿ ಬಿದ್ದರೆ ಯಾರೂ ನಗುವುದಿಲ್ಲ. ಎದ್ದು ಸೆರಗು ಕೊಡವಿಕೊಂಡು “ಈ ಪಾಚಿಗೆ ಬೆಂಕಿ ಬೀಳ” ಎಂದು ಬೈದ ಮೇಲೆ ಮನೆಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಎಂಬ ಇಬ್ಬರು ಸಂಶೋಧಕರು 2010ರಲ್ಲಿ ಹೇಳಿದ್ದು ಸ್ಥೂಲವಾಗಿ ಇದನ್ನೇ: ಏನೋ ಒಂದು ಕ್ರಮ ತಪ್ಪಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯವಿಲ್ಲ ಎಂದೂ ಅನ್ನಿಸಬೇಕು. ಎರಡರಲ್ಲಿ ಒಂದು ಕಡಿಮೆಯಾದರೆ ಬೇಸರ, ಇನ್ನೊಂದು ಕಡಿಮೆಯಾದರೆ ಭಯ. ಅದಕ್ಕೂ ಬಹಳ ಮೊದಲು, 1900ರಲ್ಲಿ, ಫ್ರೆಂಚ್ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ ನಗುವಿನ ಬಗ್ಗೆ ಬರೆಯುತ್ತಾ, ನಗಬೇಕಾದರೆ ಹೃದಯಕ್ಕೆ ಒಂದು ಗಳಿಗೆ ಜೋಮು ಹಿಡಿಯಬೇಕು ಎಂಬರ್ಥದ ಮಾತು ಹೇಳಿದ್ದರು. ಕಾಮಿಕ್ಸ್ ಆ ಜೋಮನ್ನು ಬಹಳ ಅಗ್ಗವಾಗಿ ಒದಗಿಸುತ್ತದೆ. ಬಂಡೆಯಡಿ ಚಪ್ಪಟೆಯಾದವನು ಮುಂದಿನ ಚೌಕದಲ್ಲಿ ತಲೆಗೊಂದು ಪಟ್ಟಿ ಕಟ್ಟಿಕೊಂಡು ನಿಂತಿರುತ್ತಾನೆ, ಮುಂದಿನ ವಾರ ಆ ಪಟ್ಟಿಯೂ ಇರುವುದಿಲ್ಲ.

ಆದರೆ ಈ ಕರುಣೆ ಕಾಮಿಕ್ಸ್‌ಗೆ ಹುಟ್ಟಿನಿಂದ ಬಂದದ್ದಲ್ಲ. 1865ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬುಶ್ ಎರಡು ತುಂಟ ಹುಡುಗರ ಕಥೆಯನ್ನು ಪದ್ಯ ಮತ್ತು ಚಿತ್ರಗಳಲ್ಲಿ ಬರೆದರು. ಕೊನೆಗೆ ಆ ಇಬ್ಬರನ್ನೂ ಗಿರಣಿಗೆ ಹಾಕಿ ಬೀಸುತ್ತಾರೆ. ಕಾಳಿನಂತೆ ಉದುರಿದ ಚೂರುಗಳನ್ನು ಬಾತುಕೋಳಿಗಳು ಹೆಕ್ಕಿ ತಿನ್ನುತ್ತವೆ. ಊರವರಿಗೆ ನೆಮ್ಮದಿ. ಈ ಜೋಡಿಯ ಮಾದರಿಯಲ್ಲೇ 1897ರಲ್ಲಿ ರುಡಾಲ್ಫ್ ಡರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಇನ್ನಿಬ್ಬರು ತುಂಟರನ್ನು ಹುಟ್ಟಿಸಿದರು. ಅಲ್ಲಿ ಗಿರಣಿ ಹೋಗಿ ಕುಂಡೆಗೆ ಏಟು ಬಂದಿತ್ತು. ಪತ್ರಿಕೆ ಮತ್ತೆ ಮತ್ತೆ ಬರಬೇಕೆಂದರೆ ಹುಡುಗರು ಬದುಕಿರಬೇಕಲ್ಲ! ದಯೆಗಿಂತ ವ್ಯಾಪಾರವೇ ಆ ಮಕ್ಕಳನ್ನು ಉಳಿಸಿತು ಎಂದು ನನ್ನ ಗುಮಾನಿ.

ಅಲ್ಲಿಂದ ಮುಂದಿನದು ಕಥೆಗಿಂತ ವಿಚಿತ್ರ. 1951ರ ಮಾರ್ಚ್ 12ರಂದು ಅಮೆರಿಕದ ಪತ್ರಿಕೆಗಳಲ್ಲಿ ಹ್ಯಾಂಕ್ ಕೆಚಮ್ ಬರೆದ ‘ಡೆನ್ನಿಸ್ ದ ಮೆನೇಸ್’ ಕಾಣಿಸಿಕೊಂಡ. ಅದೇ ದಿನ ಬ್ರಿಟನ್ನಿನ ಅಂಗಡಿಗಳಿಗೆ ಬಂದ ‘ಬೀನೊ’ ವಾರಪತ್ರಿಕೆಯಲ್ಲಿ ಡೇವಿಡ್ ಲಾ ಬರೆದ ಇನ್ನೊಬ್ಬ ‘ಡೆನ್ನಿಸ್ ದ ಮೆನೇಸ್’ ಇದ್ದ. ಒಂದೇ ಹೆಸರು, ಒಂದೇ ದಿನ, ನಡುವೆ ಅಟ್ಲಾಂಟಿಕ್ ಸಾಗರ. ಇವರಿಗೆ ಅವರ ಸುದ್ದಿ ಗೊತ್ತಿರಲಿಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದೇ ಚೌಕದಲ್ಲಿ ಬರುತ್ತಿದ್ದವನು ಅಮೆರಿಕದವನು. ಅವನು ಒಳ್ಳೆಯ ಹುಡುಗ. ಪಕ್ಕದ ಮನೆಯವರಿಗೆ ಸಹಾಯ ಮಾಡಲು ಹೋಗಿ ಮನೆ ಹಾಳು ಮಾಡುವ ಜಾತಿ. ಕೆಂಪು ಕಪ್ಪು ಪಟ್ಟೆಯ ಅಂಗಿ ತೊಟ್ಟ ಬ್ರಿಟನ್ನಿನವನು ಹಾಗಲ್ಲ. ಅವನು ಗೊತ್ತಿದ್ದೂ ಗೊತ್ತಿದ್ದೂ ಮಾಡುವವನು. ಕೊನೆಯ ಚೌಕದಲ್ಲಿ ಅಪ್ಪನ ಚಪ್ಪಲಿ ಏಟು ತಿನ್ನುವುದು ಅವನ ವಾರದ ಪದ್ಧತಿಯಾಗಿತ್ತು. ಕಾಲ ಬದಲಾದಂತೆ ಆ ಚಪ್ಪಲಿಯನ್ನು ಕೈಬಿಟ್ಟರು. ಕಥೆಗೆ ನಷ್ಟವೇನೂ ಆದಂತಿಲ್ಲ. ಮಕ್ಕಳು ನಗುತ್ತಿದ್ದದ್ದು ಚಪ್ಪಲಿಗೆ ಅಲ್ಲ, ಅದಕ್ಕೂ ಹಿಂದಿನ ಚೌಕಕ್ಕೆ.

ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಡಿ.ಸಿ. ಥಾಮ್ಸನ್ ಸಂಸ್ಥೆ 1937ರ ಡಿಸೆಂಬರಿನಲ್ಲಿ ‘ಡ್ಯಾಂಡಿ’ಯನ್ನೂ 1938ರ ಜುಲೈನಲ್ಲಿ ‘ಬೀನೊ’ವನ್ನೂ ಶುರು ಮಾಡಿತು. 1950ರ ಸುಮಾರಿಗೆ ಒಂದೊಂದೂ ವಾರಕ್ಕೆ ಹತ್ತಿರಹತ್ತಿರ 20 ಲಕ್ಷ ಪ್ರತಿ ಹೋಗುತ್ತಿತ್ತು. ವಾರಕ್ಕೆ ಸಾವಿರ ಕರಪತ್ರ ಅಚ್ಚು ಮಾಡಿ ಬೆನ್ನು ನೋವು ಎನ್ನುವ ನನ್ನಂಥವನಿಗೆ ಇದು ಪುರಾಣದ ಸಂಖ್ಯೆ. ‘ಡ್ಯಾಂಡಿ’ಯ ಕಾಗದದ ಸಂಚಿಕೆ 2012ಕ್ಕೆ ನಿಂತಿತು, ‘ಬೀನೊ’ 2019ರಲ್ಲಿ 4000ನೇ ಸಂಚಿಕೆ ದಾಟಿತು.

ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಕಾರ್ಕಳ. 1929ರಲ್ಲಿ ಅಲ್ಲಿ ಹುಟ್ಟಿದ ಅನಂತ ಪೈ 1980ರ ನವೆಂಬರಿನಲ್ಲಿ ಮುಂಬೈಯಿಂದ ‘ಟಿಂಕಲ್’ ಎಂಬ ಮಕ್ಕಳ ಕಾಮಿಕ್ಸ್ ಪತ್ರಿಕೆ ಆರಂಭಿಸಿದರು. ನನ್ನ ಕಟ್ಟಿನ ಅರ್ಧ ಭಾಗ ಅದೇ. ಶಂಭುವಿನ ಜೊತೆ ಅದರ ಇನ್ನೊಬ್ಬ ಚಿರಂಜೀವಿ ಸುಪ್ಪಂದಿ. 1983ರಲ್ಲಿ ಬಂದವನು, ತಿರುಚ್ಚಿಯ ಓದುಗರೊಬ್ಬರು ಕಳುಹಿಸಿದ ಕಥೆಗಳಿಂದ ಹುಟ್ಟಿದವನು, ರಾಮ್ ವಾಯಿರ್‌ಕರ್ ಅವರ ಗೆರೆಯಲ್ಲಿ ಆ ಚೂಪು ತಲೆ ಪಡೆದವನು. ಅವನ ಹಾಸ್ಯದ ಯಂತ್ರ ಒಂದೇ: ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಾನೆ.

ಆ ಯಂತ್ರವನ್ನು ಬಿಚ್ಚಿ ತೋರಿಸಲು ನಮ್ಮ ಅಂಗಳದ್ದೇ ಒಂದು ಸಂಗತಿ ಕಟ್ಟುತ್ತೇನೆ. ಅಂಗಳದಲ್ಲಿ ಅಡಿಕೆ ಹರಡಿದೆ. ಯಜಮಾನಿ ಪೇಟೆಗೆ ಹೊರಟವರು ಹೊಸ ಹುಡುಗನಿಗೆ ಹೇಳುತ್ತಾರೆ, “ಮಳೆ ಬಂದರೆ ನೋಡಿಕೋ.” ಸಂಜೆ ಬಂದು ನೋಡಿದರೆ ಅಡಿಕೆಯೆಲ್ಲ ತೊಯ್ದು ತೊಪ್ಪೆ. ಹುಡುಗ ಜಗಲಿಯ ಮೇಲೆ ಕೈಕಟ್ಟಿ ಕುಳಿತಿದ್ದಾನೆ. “ಏನೋ ಇದು, ನೋಡಿಕೋ ಎಂದಿರಲಿಲ್ಲವೇನೋ?” “ನೋಡಿಕೊಂಡೆ ಅಮ್ಮಾ. ಮೂರು ಗಂಟೆಗೆ ಬಂತು, ಐದಕ್ಕೆ ನಿಂತಿತು. ಬಹಳ ಚೆನ್ನಾಗಿತ್ತು.”

ದೊಡ್ಡವರಿಗೆ ಇದು ಹಳಸಲು. ಏಳೆಂಟು ವರ್ಷದವರಿಗೆ ಹೊಟ್ಟೆ ಹುಣ್ಣಾಗುತ್ತದೆ. ಯಾಕೆಂದರೆ ಒಂದು ಮಾತಿಗೆ ಎರಡು ಅರ್ಥ ಇರಬಹುದು ಎಂಬ ಸಂಗತಿ ಅವರ ಅನುಭವಕ್ಕೆ ಬಂದು ಇನ್ನೂ ಹೆಚ್ಚು ದಿನವಾಗಿರುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಇದೇ ತಂಗಿಯ ಮಗಳು “ಅಪ್ಪ ಬಸ್ ಹಿಡಿಯಲು ಹೋಗಿದ್ದಾರೆ” ಎಂದರೆ “ಬಸ್ ಕಚ್ಚುತ್ತದೆಯೇ?” ಎಂದು ಕೇಳಿದ್ದಳು. ಆಗ ಅವಳೇ ಸುಪ್ಪಂದಿ, ಎಲ್ಲರೂ ನಕ್ಕು ಅವಳು ಅತ್ತಿದ್ದಳು. ಈಗ ಆ ಹೊಳೆ ದಾಟಿ ಆಚೆ ದಡದಲ್ಲಿ ನಿಂತಿದ್ದಾಳೆ; ಈಚೆ ಇನ್ನೂ ನೀರಿನಲ್ಲಿ ತಡಕಾಡುವವನೊಬ್ಬನನ್ನು ಕಂಡರೆ ನಗದೆ ಇರುವುದು ಹೇಗೆ? ಒಗಟುಗಳ ಹುಚ್ಚು ಹಿಡಿಯುವುದೂ ಇದೇ ವಯಸ್ಸಿನಲ್ಲಿ. ಎರಡಕ್ಕೂ ಬೇರು ಒಂದೇ.

ಕಟ್ಟಿನಲ್ಲಿದ್ದ ಕನ್ನಡದ ಹಾಳೆಗಳಲ್ಲಿ ನನಗೆ ಹೆಚ್ಚು ಪ್ರೀತಿ ಸದ್ದುಗಳ ಮೇಲೆ. ಕಾಮಿಕ್ಸ್ ಮೂಕ ಮಾಧ್ಯಮ. ಸದ್ದನ್ನೂ ಬರೆದೇ ತೋರಿಸಬೇಕು. ಇದರಲ್ಲಿ ಕನ್ನಡಕ್ಕೆ ಯಾರೂ ಸಾಲ ಕೊಡಬೇಕಾಗಿಲ್ಲ. ಹೈಸ್ಕೂಲು ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಕಲಿಸುತ್ತಾರಲ್ಲ, ಅದೊಂದು ಕಣಜ. ಮಲೆನಾಡಿನಲ್ಲಿ ಬೀಳುವ ಒಂದೊಂದಕ್ಕೂ ಒಂದೊಂದು ಸದ್ದಿದೆ. ಹಲಸಿನ ಹಣ್ಣು ಧೊಪ್ಪೆಂದು ಬೀಳುತ್ತದೆ, ಕಳಿತ ಮಾವು ಪಚಕ್ಕೆಂದು. ಅಡಿಕೆ ಮರದ ಸೋಗೆ ಸರ್ರನೆ ಜಾರಿ ಬಂದು ರಪ್ಪನೆ ಬೀಳುತ್ತದೆ. ಕೆಳಗೆ ನಿಂತವನಿಗೆ ಆ ಎರಡು ಸದ್ದುಗಳ ನಡುವೆ ಓಡಲು ಸಮಯವಿದೆ. ಕೆರೆಗೆ ಕಲ್ಲು ಬುಳುಂಕನೆ, ಮನುಷ್ಯ ಧುಡುಂ ಎಂದು. ಮಳೆಯೇ ಜಿಟಿಜಿಟಿಯಿಂದ ಧೋ ವರೆಗೆ ಹತ್ತಾರು ಸ್ವರ ಹಿಡಿಯುತ್ತದೆ. ಚಿತ್ರದ ಅಂಚು ಮೀರಿ ದಪ್ಪ ಅಕ್ಷರದಲ್ಲಿ ‘ಧೊಪ್’ ಎಂದು ಬರೆದರೆ ಬಿದ್ದ ವಸ್ತುವಿನ ತೂಕವೂ ಗೊತ್ತಾಗುತ್ತದೆ. ಮಹಾಪ್ರಾಣ ಬಳಸುವುದೇ ಇಲ್ಲ ಎಂದು ಕನ್ನಡಿಗರನ್ನು ದೂರುವವರು ಒಮ್ಮೆ ಮಕ್ಕಳ ಕಾಮಿಕ್ಸ್ ತೆರೆದು ನೋಡಲಿ. ಢ, ಧ, ಫ, ಭ ಅಲ್ಲಿ ಹೊಟ್ಟೆ ತುಂಬ ಕೆಲಸ ಮಾಡುತ್ತಿವೆ.

ಅಚ್ಚಿನವನಾಗಿ ಒಂದು ತಕರಾರೂ ಇದೆ. ಬೇರೆ ಭಾಷೆಯಿಂದ ಬಂದ ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಯ ಅಳತೆಯನ್ನು ಮೊದಲೇ ಇಂಗ್ಲಿಷಿನ ದೊಡ್ಡಕ್ಷರಕ್ಕೆ ಕತ್ತರಿಸಿರುತ್ತಾರೆ. ಕನ್ನಡದ ಸಾಲು ಮೇಲೆ ತಲೆಕಟ್ಟು ಗುಡಿಸುಗಳನ್ನೂ ಕೆಳಗೆ ಒತ್ತುಗಳನ್ನೂ ಹೊತ್ತುಕೊಂಡು ಬರುತ್ತದೆ. ಇಂಗ್ಲಿಷಿನ ಎರಡು ಸಾಲು ಹಿಡಿಯುವ ಕಡೆ ಕನ್ನಡದ ಒಂದೂವರೆ ಸಾಲು ಮಾತ್ರ ಹಿಡಿಯುತ್ತದೆ. ಆಗ ಅಕ್ಷರವನ್ನು ಚಿಕ್ಕದು ಮಾಡುತ್ತಾರೆ, ಅಥವಾ ಮಾತನ್ನು ಕತ್ತರಿಸುತ್ತಾರೆ. ಹಾಸ್ಯದಲ್ಲಿ ಒಂದು ಪದ ಕತ್ತರಿಸುವುದೆಂದರೆ ಜೋಲಿಯ ಹಗ್ಗ ಕತ್ತರಿಸಿದಂತೆ. ಶಬ್ದಚೇಷ್ಟೆ ಇದ್ದರಂತೂ ಅನುವಾದಕರ ಕೈಗುಣವೇ ಗತಿ. ಆಸ್ಟರಿಕ್ಸ್ ಕಥೆಗಳ ಪುಟ್ಟ ನಾಯಿಗೆ ಫ್ರೆಂಚ್ ಮೂಲದಲ್ಲಿ ‘ಇಡೆಫಿಕ್ಸ್’ ಎಂದು ಹೆಸರು. ತಲೆಯಲ್ಲಿ ಕಚ್ಚಿಕೊಂಡ ಹಠದ ವಿಚಾರ ಎಂಬುದರ ಮೇಲಿನ ಆಟ. ಇಂಗ್ಲಿಷಿಗೆ ತಂದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್‌ರಿಜ್ ಅದನ್ನು ‘ಡಾಗ್ಮ್ಯಾಟಿಕ್ಸ್’ ಮಾಡಿದರು. ಹಠವೂ ಉಳಿಯಿತು, ನಾಯಿಯೂ ಒಳಗೆ ಬಂತು. ಮೂಲಕ್ಕಿಂತ ಒಂದು ಬಾಲ ಹೆಚ್ಚು.

ಸದ್ದಿನ ಹಾಗೆ ಬೆವರಿಗೂ ಸಿಟ್ಟಿಗೂ ಗುರುತುಗಳಿವೆ. ಗಾಬರಿಯಾದವನ ತಲೆಯ ಸುತ್ತ ಹಾರುವ ಹನಿಗಳು, ಓಡಿದವನ ಹಿಂದೆ ಉಳಿದ ಧೂಳಿನ ಮುದ್ದೆ, ಬೈಗುಳದ ಬದಲು ಸುರುಳಿ ನಕ್ಷತ್ರಗಳ ಸಾಲು. ಮಾರ್ಟ್ ವಾಕರ್ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರ 1980ರಲ್ಲಿ ಇವಕ್ಕೆಲ್ಲ ತಮಾಷೆಗೆ ಹೆಸರಿಟ್ಟು ಒಂದು ನಿಘಂಟು ಮಾಡಿದರು. ಹನಿಗೆ ‘ಪ್ಲ್ಯೂಡ್’, ಬೈಗುಳದ ಗುರುತಿಗೆ ‘ಗ್ರಾಲಿಕ್ಸ್’. ತಮಾಷೆಯ ಹೆಸರುಗಳು ಕಸುಬಿನವರ ಬಾಯಲ್ಲಿ ನಿಜವಾಗಿಯೇ ಉಳಿದುಬಿಟ್ಟವು. ಮಲಗಿದವನ ತಲೆಯ ಮೇಲೆ ಗರಗಸ ದಿಮ್ಮಿ ಕೊಯ್ಯುವ ಚಿತ್ರ ಇರುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ ಸಾ ಮಿಲ್ಲಿನ ಸದ್ದು ಕೇಳಿಕೊಂಡೇ ಬೆಳೆದ ನನಗೆ ಅದು ಗೊರಕೆ ಎಂದು ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಅಜ್ಜನದು ಬೀಟೆಯ ದಿಮ್ಮಿಯೇ ಆಗಿತ್ತು.

ಪ್ರತಿ ಸಲ ಅದೇ ಕಥೆ, ಬೇಸರ ಬರುವುದಿಲ್ಲವೇ? ಬರುವುದಿಲ್ಲ. ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ ‘ಪೀನಟ್ಸ್’ ಬರೆದರು. ಲೂಸಿ ಚೆಂಡು ಹಿಡಿದುಕೊಂಡಿರುತ್ತಾಳೆ, ಚಾರ್ಲಿ ಬ್ರೌನ್ ಒದೆಯಲು ಓಡಿ ಬರುತ್ತಾನೆ, ಅವಳು ಸರಕ್ಕನೆ ಎಳೆದುಕೊಳ್ಳುತ್ತಾಳೆ, ಅವನು ಅಂಗಾತ. ವರ್ಷ ವರ್ಷವೂ ಅದೇ. ಪ್ರಾಣ್ ಅವರ ಚಾಚಾ ಚೌಧರಿ 1971ರಿಂದ ಬುದ್ಧಿಯಿಂದಲೇ ಗೆಲ್ಲುತ್ತಾ ಬಂದವನು. ಗೆಲ್ಲುತ್ತಾನೆಯೇ ಎಂಬ ಆತಂಕ ಯಾರಿಗೂ ಇರಲಿಲ್ಲ. ‘ಬಾಲಮಂಗಳ’ದ ಇಲಿಮರಿ ಡಿಂಗ ಬಂದೇ ಬರುತ್ತಾನೆ ಎಂದು ಗೊತ್ತಿದ್ದೂ ನಾವು ಘಟ್ಟದ ಬಸ್ಸಿಗೆ ಕಾದಿದ್ದೇವೆ. ಮಳೆಗಾಲದಲ್ಲಿ ಪತ್ರಿಕೆ ಎರಡು ದಿನ ತಡವಾಗಿ, ಅಂಚು ನೆನೆದು, ಕಂಡಕ್ಟರ್ ಒಮ್ಮೆ ಓದಿ ಮುಗಿಸಿದ ಮೇಲೆ ಬರುತ್ತಿತ್ತು. ಮಕ್ಕಳಿಗೆ ಹೊಸತು ಬೇಕು ಎನ್ನುವುದು ಆಟಿಕೆ ಮಾರುವವರು ಹಬ್ಬಿಸಿದ ಸುದ್ದಿ. ಮಲಗುವಾಗ ಅದೇ ಕಥೆ ಹೇಳು ಎಂದು ಪೀಡಿಸುವುದು, ಒಂದು ಪದ ತಪ್ಪಿದರೆ ತಿದ್ದುವುದು ಯಾವ ಮನೆಯಲ್ಲಿಲ್ಲ?

ಎಲ್ಲವೂ ಚಿನ್ನ ಎಂದು ನಾನು ಹೇಳುತ್ತಿಲ್ಲ. ಕಟ್ಟನ್ನು ಅರ್ಧ ಓದಿದ ಮೇಲೆ ಹುಡುಗಿ ತಲೆಯೆತ್ತಿ, “ಮಾವ, ಇದರಲ್ಲಿ ತಂಟೆ ಮಾಡುವುದು ಬರೀ ಹುಡುಗರೇ ಯಾಕೆ?” ಎಂದಳು. ‘ಬೀನೊ’ದಲ್ಲಿ 1953ರಲ್ಲೇ ಮಿನ್ನಿ ಎಂಬ ಪುಂಡಿ ಬಂದಿದ್ದಳು, ಪ್ರಾಣ್ ಪಿಂಕಿಯನ್ನು ಬರೆದಿದ್ದರು ಎಂದೆಲ್ಲ ಹೇಳಬಹುದಿತ್ತು. ಆದರೆ ನನ್ನ ಕಟ್ಟಿನಲ್ಲಿ ಅವರು ಇರಲಿಲ್ಲ, ಹೊಲಿದವನು ನಾನೇ. ದಪ್ಪಗಿರುವವರು ಪೆದ್ದರು, ಆಳುಮಗ ದಡ್ಡ, ಕಾಡಿನವರು ನರಭಕ್ಷಕರು ಎಂಬ ಸಿದ್ಧ ಅಚ್ಚುಗಳೂ ಹಳೆಯ ಪುಟಗಳಲ್ಲಿ ಧಾರಾಳವಾಗಿವೆ. ಗೆರೆ ಕಡಿಮೆ ಮಾಡುವ ಕಲೆಗೆ ಇದೊಂದು ಶಾಪ: ಅವಸರದಲ್ಲಿ ಮನುಷ್ಯರನ್ನೂ ಕಡಿಮೆ ಮಾಡಿಬಿಡುತ್ತದೆ. ಅಂಥ ಎರಡು ಕಥೆಗಳನ್ನು ನಾನು ಅವಳ ಪಕ್ಕ ಕುಳಿತೇ ಓದಿದೆ. ಒಂದಕ್ಕೆ ಅವಳು ನಗಲೂ ಇಲ್ಲ.

ಮೂರನೇ ದಿನ ಸಂಜೆ ಮತ್ತೆ ಆ ಆನೆಯ ಪುಟಕ್ಕೇ ಬಂದಳು. ಕೊನೆಯ ಚೌಕದಲ್ಲಿ ಏನಿತ್ತು ಎಂದು ಕೇಳಿದಳು. ನನಗೆ ನೆನಪಿತ್ತು. ಆನೆ ಅವನನ್ನು ಸೊಂಡಿಲಿನಲ್ಲಿ ಎತ್ತಿ ಎಸೆಯುತ್ತದೆ, ಅವನು ಮುಳ್ಳುಕಂಟಿಯ ಮೇಲೆ ಬೀಳುತ್ತಾನೆ. ಹೇಳಿದೆ. ಅವಳಿಗೆ ಹಿಡಿಸಲಿಲ್ಲ.

“ಹಾಗಲ್ಲ ಮಾವ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ನೋಡಿಲ್ಲವೇ? ಬೆಳಿಗ್ಗೆ ಎದ್ದ ಕೂಡಲೇ ಆನೆಗೆ ಸ್ನಾನ. ಅದು ತನ್ನಷ್ಟಕ್ಕೆ ಹೊಳೆಗೆ ಹೋಗುತ್ತದೆ. ಇವನು ಜೋಲಿಯಲ್ಲೇ ಮಲಗಿ, ಮರವನ್ನೂ ಕಿತ್ತುಕೊಂಡು ಹಿಂದೆಯೇ ಹೋಗುತ್ತಾನೆ. ಗೊರಕೆ ನಿಂತಿರುವುದಿಲ್ಲ.”

ಒಳಗಿನಿಂದ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಕನ್ನಡಕವಿಲ್ಲದೆ ಅವರಿಗೆ ಪುಟ ಕಾಣುವುದಿಲ್ಲ, ದೀಪವೂ ಇರಲಿಲ್ಲ. ಸೌತೆಕಾಯಿ ಹೆಚ್ಚುತ್ತಾ ಅಲ್ಲಿಂದಲೇ ತೀರ್ಪು ಕೊಟ್ಟರು.

“ಹೊಳೆಯೂ ಇಲ್ಲ, ಮುಳ್ಳೂ ಇಲ್ಲ. ಅಷ್ಟು ಹೊತ್ತಿಗೆ ಮಳೆ ಬಂದಿರುತ್ತದೆ. ಇಬ್ಬರೂ ಎದ್ದು ಮನೆಗೆ ಓಡಿರುತ್ತಾರೆ.”